ಏಳು ಫರಸಿಗಳ ದೂರ

ನಮ್ಮ ಮನೆಗೆ ಬರುವವರು ಪಡಸಾಲೆಯ ತೊಲೆಗೆ ಬಡಿದಿರುವ ಕಬ್ಬಿಣದ ಕೊಂಡಿಯನ್ನು ನೋಡಿ, "ಇಲ್ಲೇನ್ ತೂಗಹಾಕಿದ್ರಿ ಸರ?" ಎಂದು ಕೇಳುವುದುಂಟು. ಮೊಮ್ಮಕ್ಕಳ ತೊಟ್ಟಿಲಿರಬೇಕು ಎಂದು ಕೆಲವರು ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆ ಕೊಂಡಿಗೆ ಒಂದು ವರ್ಷ ಕಾಲ ಒಂದು ಗಿಳಿಯ ಪಂಜರ ತೂಗುತ್ತಿತ್ತು. ಆ ಗಿಳಿಯ ವಿಷಯವನ್ನು, ಅದರ ಜೊತೆಗೆ ನನ್ನದೇ ಒಂದು ಹಳೆಯ ತಪ್ಪನ್ನು ನನ್ನ ವಿದ್ಯಾರ್ಥಿಗಳ ಮುಂದೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಗ ವಯಸ್ಸು ಅರವತ್ತೆಂಟು. ಇನ್ನು ಮುಂದೂಡುವುದು ತರವಲ್ಲ.

2019ರ ಆಗಸ್ಟ್ ತಿಂಗಳನ್ನು ನಮ್ಮ ಮುಧೋಳ ಸೀಮೆಯವರು ಯಾರೂ ಮರೆಯಲಾರರು. ಘಟ್ಟದ ಮೇಲೆ ಮಳೆ ಬಿಡದೆ ಸುರಿಯಿತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟರು. ಘಟಪ್ರಭೆ ದಂಡೆ ಮೀರಿ ಕಬ್ಬಿನ ಗದ್ದೆಗಳನ್ನು ನುಂಗಿ, ಊರೊಳಗೆ ಬಂದಳು. ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಮನೆ ಎತ್ತರದ ಓಣಿಯಲ್ಲಿದ್ದುದರಿಂದ ನಮಗೇನೂ ತೊಂದರೆಯಾಗಲಿಲ್ಲ. ಸಂತ್ರಸ್ತರನ್ನು ಇರಿಸಿದ್ದ ಒಂದು ಶಾಲೆಗೆ ಹೋಗಿ, ಬಂದವರ ಹೆಸರು ಬರೆದುಕೊಳ್ಳುವ, ಹಾಸಿಗೆ-ಹೊದಿಕೆ ಲೆಕ್ಕ ಇಡುವ ಕೆಲಸ ಮಾಡುತ್ತಿದ್ದೆ. ಮೂವತ್ತು ವರ್ಷ ಹಾಜರಿ ಕರೆದವನಿಗೆ ಅದಕ್ಕಿಂತ ಸೂಕ್ತವಾದ ಸೇವೆ ಬೇರಾವುದಿತ್ತು!

ಮೂರನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೊಂಟದವರೆಗೆ ನೆನೆದುಕೊಂಡು ಬಂದ. ಕೈಯಲ್ಲಿ ತುಕ್ಕು ಹಿಡಿದ ಪಂಜರ. ಮುಳುಗಿದ ಮನೆಯೊಂದರ ಜಂತಿಗೆ ಅದು ತೂಗುತ್ತಿತ್ತಂತೆ. ಪಂಜರದ ತಳಕ್ಕೆ ನೀರು ಮುಟ್ಟಿತ್ತು. ಒಳಗಿದ್ದ ಗಿಳಿ ಮೇಲಿನ ಸರಳುಗಳಿಗೆ ಕೊಕ್ಕಿನಿಂದ ಕಚ್ಚಿಕೊಂಡು ತಲೆಕೆಳಗಾಗಿ ಜೋತುಬಿದ್ದಿತ್ತು. ಎಷ್ಟು ಹೊತ್ತು ಹಾಗಿತ್ತೋ ದೇವರೇ ಬಲ್ಲ. ಆ ಮನೆಯವರು ಅದೇ ಶಾಲೆಯ ಇನ್ನೊಂದು ಕೋಣೆಯಲ್ಲಿದ್ದರು. ಪಂಜರವನ್ನು ಒಯ್ದು ತೋರಿಸಿದರೆ ಆ ತಾಯಿ ಅದನ್ನು ನೋಡಿ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಮನೀನ ಹೋತ್ರಿ ಸರ. ಇದನ್ನ ತೂಗಹಾಕಾಕ ಒಂದ ಮಳಿ ಸೈತ ಉಳಿದಿಲ್ಲ. ನೀವ ಇಟ್ಕೊಳ್ರಿ" ಎಂದಳು.

ಹೀಗೆ ಗಿಳಿ ನಮ್ಮ ಮನೆಗೆ ಬಂತು. ಕುತ್ತಿಗೆಗೆ ಕೆಂಪು-ಕಪ್ಪು ಪಟ್ಟಿ ಇರಲಿಲ್ಲ. ಗಂಡುಗಿಳಿಗೆ ಆ ಪಟ್ಟಿ ಮೂಡಲು ಎರಡು-ಮೂರು ವರ್ಷ ಬೇಕು. ಇದು ಅಷ್ಟಕ್ಕಿಂತ ಹೆಚ್ಚು ವರ್ಷಗಳಿಂದ ಮನೆಯಲ್ಲಿದೆ ಎಂದು ಆ ತಾಯಿ ಹೇಳಿದ್ದರಿಂದ ಹೆಣ್ಣೆಂದು ತಿಳಿಯಿತು. ಹೊಳೆ ತಂದುಕೊಟ್ಟ ಹಕ್ಕಿ ಎಂದು ನನ್ನ ಶ್ರೀಮತಿ ಅದಕ್ಕೆ ಗಂಗವ್ವ ಎಂದು ಹೆಸರಿಟ್ಟಳು. ಎರಡೂ ರೆಕ್ಕೆಗಳ ಉದ್ದ ಗರಿಗಳನ್ನು ಯಾರೋ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದ್ದರು. ಎದೆಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿತ್ತು. ಒಂಟಿತನದಿಂದ, ಭಯದಿಂದ ಗಿಳಿಗಳು ತಮ್ಮ ಪುಕ್ಕವನ್ನು ತಾವೇ ಕಿತ್ತುಕೊಳ್ಳುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಗಿಳಿ ಎಂದರೆ ಮಾತನಾಡುವ ಹಕ್ಕಿ ಎಂದಲ್ಲವೇ ನಾವು ಮಕ್ಕಳಿಗೆ ಹೇಳಿಕೊಡುವುದು? ಗಂಗವ್ವ ಮೊದಲ ಹದಿನೈದು ದಿನ ಒಂದು ದನಿಯನ್ನೂ ಹೊರಡಿಸಲಿಲ್ಲ. ನಾವು ಒಳಗೆ ಹೋದ ಮೇಲೆ ತಿನ್ನುತ್ತಿತ್ತು. ನಾವು ಬಂದರೆ ಹಿಂದಿನ ಮೂಲೆಗೆ ಸರಿದು, ಗರಿಗಳನ್ನೆಲ್ಲ ಮೈಗೆ ಬಿಗಿದುಕೊಂಡು ತೆಳ್ಳಗಾಗಿ ನಿಂತುಬಿಡುತ್ತಿತ್ತು.

ನಾನು ಮಾಡಿದ ಮೊದಲ ತಪ್ಪು ಅವಸರ. ಮೂರನೆಯ ದಿನವೇ ಪೇರಲ ಹಣ್ಣಿನ ಹೋಳು ಹಿಡಿದು ಪಂಜರದೊಳಗೆ ಕೈ ತೂರಿಸಿದೆ. ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಅಡಿಕೆ ಕತ್ತರಿಯಂಥ ಕೊಕ್ಕು. ರಕ್ತ ಧೋತರದ ಮೇಲೆ ತೊಟ್ಟಿಕ್ಕಿತು. "ಅಲ್ರೀ, ಕರೀದ ಒಳಗ ಹೋದ್ರ ಯಾರಾದ್ರೂ ಸುಮ್ನಿರ್ತಾರೇನ್ರಿ? ಅದರ ಮನಿ ಅದು" ಎಂದು ಶ್ರೀಮತಿ ಅರಿಷಿಣ ಹಚ್ಚುತ್ತ ನನಗೇ ಬೈದಳು. ಜೀವ ಉಳಿಸಿದವರ ಮೇಲೆ ಇಷ್ಟೂ ಕೃತಜ್ಞತೆ ಬೇಡವೇ ಎಂದು ನಾನು ಗೊಣಗಿದೆ. ಉಪಕಾರ ಮಾಡಿದವನಿಗೆ ವಿಶ್ವಾಸ ತಾನಾಗಿಯೇ ಸಲ್ಲಬೇಕು ಎಂದು ಮೇಷ್ಟ್ರಾದವರು ಬಹಳ ಬೇಗ ತಿಳಿದುಬಿಡುತ್ತೇವೆ.

ಎರಡನೆಯ ತಪ್ಪು ಬಹಳ ದಿನ ನನ್ನ ಕಣ್ಣಿಗೇ ಬೀಳಲಿಲ್ಲ. ನಸುಕಿನಲ್ಲಿ ನಾನು ತಿರುಗಾಡಲು ಹೋಗುವಾಗ ಬೀದಿನಾಯಿಗಳಿಗೆಂದು ಒಂದು ಬೆತ್ತ ಹಿಡಿದುಕೊಳ್ಳುತ್ತಿದ್ದೆ. ನಿಮ್ಮಲ್ಲಿ ಅನೇಕರಿಗೆ ಆ ಬೆತ್ತದ ಪರಿಚಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿತು. ಅದು 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಆ ಬೆತ್ತ ನನ್ನ ಕೈಯಲ್ಲಿ ಭೂಪಟ ತೋರಿಸುವ ಕೋಲಾಗಿ ಉಳಿಯಿತು. ನಿವೃತ್ತಿಯ ದಿನ ಶಾಲು, ಹಾರ, ಫಲತಾಂಬೂಲಗಳ ಜೊತೆಗೆ ಅದನ್ನೂ ಮನೆಗೆ ತಂದಿದ್ದೆ. ತಿರುಗಾಡಿ ಬಂದು ಅದನ್ನು ಪಡಸಾಲೆಯ ಮೂಲೆಗೆ, ಪಂಜರದ ಎದುರಿಗೇ ಒರಗಿಸಿ ಇಡುತ್ತಿದ್ದೆ. ಒಂದು ದಿನ ಅದು ಜಾರಿ ಬಿತ್ತು. ಎತ್ತಲು ಬಾಗಿದೆ. ಗಂಗವ್ವ ಮೊದಲ ಬಾರಿಗೆ ದನಿ ತೆಗೆದದ್ದು ಆಗಲೇ. ಅದನ್ನು ಕೂಗು ಎನ್ನಲಾರೆ, ಅದು ಚೀತ್ಕಾರ. ಸರಳುಗಳಿಗೆ ಬಡಿದುಕೊಂಡು ಪಂಜರದ ತಳಕ್ಕೆ ಬಿದ್ದು, ಕತ್ತರಿಸಿದ ರೆಕ್ಕೆಯನ್ನು ತಲೆಯ ಮೇಲೆ ಎಳೆದುಕೊಂಡು ನಡುಗತೊಡಗಿತು. ಹಿಂದಿನ ಮನೆಯಲ್ಲಿ ಯಾವುದೋ ಮಗು ಆಟಕ್ಕೆ ಸರಳುಗಳ ನಡುವೆ ಕಡ್ಡಿ ತೂರಿಸುತ್ತಿದ್ದಿರಬಹುದು. ನಾನು ಬೆತ್ತ ಹಿಡಿದು ಹಾಗೆಯೇ ನಿಂತುಬಿಟ್ಟೆ.

ಆ ಭಂಗಿಯನ್ನು ನಾನು ಹಿಂದೆ ನೋಡಿದ್ದೆ.

1988ನೆಯ ಇಸವಿ, ಹತ್ತನೆಯ ತರಗತಿ. ಹೊಳೆಯಾಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ. ಹೆಸರು ಬೇಡ. ಸಂಕ್ರಾಂತಿ ಕಳೆದ ಮೇಲೆ ದಿನಾಲೂ ತಡವಾಗಿ ಬರತೊಡಗಿದ. ಹಿಂಗಾರಿ ಜೋಳ ಹಾಲುದುಂಬುವ ಕಾಲವದು. ಒಂದು ದಿನ ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳಿದೆ. "ಗಿಣಿ ಕಾಯಾಕ ಹೋಗಿದ್ನಿರಿ ಸರ" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಅವನು ಹೇಳಿದ್ದು ನಿಜವೇ. ಸೂರ್ಯ ಹುಟ್ಟುವ ಹೊತ್ತಿಗೆ ಗಿಳಿಯ ಹಿಂಡು ಜೋಳದ ಹೊಲಕ್ಕೆ ಇಳಿದರೆ ತೆನೆಗಳನ್ನು ತಿನ್ನುವುದಕ್ಕಿಂತ ಕತ್ತರಿಸಿ ಚೆಲ್ಲುವುದೇ ಹೆಚ್ಚು. ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣೆ ಬೀಸಿ, ಕೂಗು ಹಾಕಿ ಕಾಯದಿದ್ದರೆ ಬಡವನ ವರ್ಷದ ಅನ್ನ ಹೋಗುತ್ತದೆ. ನಾನೂ ಒಕ್ಕಲು ಮನೆತನದಲ್ಲಿಯೇ ಹುಟ್ಟಿದವನು, ಇದು ನನಗೆ ತಿಳಿಯದ್ದಲ್ಲ. ಆದರೆ ತರಗತಿ ನಕ್ಕದ್ದು ನನಗೆ ಅವನ ಉದ್ಧಟತನದಂತೆ ಕಂಡಿತು. ಹೊಡೆದೆ. ಅವನು ಕೈಯನ್ನು ತಲೆಯ ಮೇಲೆ ಎಳೆದುಕೊಂಡು ಕುಕ್ಕರಿಸಿದ. ಮತ್ತೆ ಹೊಡೆದೆ. ಮುಂದೆ ನಾನು ಹಲಗೆಯ ಮೇಲೆ ಬರೆಯಲು ಕೈಯೆತ್ತಿದರೂ ಮೊದಲ ಸಾಲಿನಲ್ಲಿದ್ದ ಆ ಹುಡುಗನ ಕೈ ತಲೆಗೆ ಹೋಗುತ್ತಿತ್ತು. ಕೆಲವು ದಿನ ಬಂದ, ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ಅಂದು ಸಂಜೆ ಆ ಬೆತ್ತವನ್ನು ಹಿತ್ತಲಿನ ಕಟ್ಟಿಗೆಯ ಗೂಡಿನಲ್ಲಿ ಇಟ್ಟುಬಂದೆ.

ಮರುದಿನದಿಂದ ನಾನೂ ಶಿಸ್ತಿನ ವಿದ್ಯಾರ್ಥಿಯಾದೆ. ನಮ್ಮ ಪಡಸಾಲೆಗೆ ಎರಡಡಿ ಚೌಕದ ಶಹಾಬಾದಿ ಫರಸಿ ಹಾಸಿದೆ. ಬಾಗಿಲಿನಿಂದ ಪಂಜರದವರೆಗೆ ಏಳು ಫರಸಿ. ಬಾಗಿಲ ಬಳಿಯ ಮೊದಲ ಫರಸಿಯ ಮೇಲೆ ಕುರ್ಚಿ ಹಾಕಿಕೊಂಡು ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಕೂಡುವುದು. ಪಂಜರದ ಕಡೆಗೆ ನೆಟ್ಟು ನೋಡುವಂತಿಲ್ಲ. ಬೇಟೆಯಾಡುವ ಪ್ರಾಣಿಗಳು ಹಾಗೆ ಎರಡೂ ಕಣ್ಣು ನೆಟ್ಟು ನೋಡುತ್ತವೆ, ಬೇಟೆಯಾಗುವ ಜೀವಕ್ಕೆ ಅದು ಸಾವಿನ ನೋಟ. ಆದ್ದರಿಂದ ಓರೆಯಾಗಿ ಕುಳಿತು ಪತ್ರಿಕೆಯನ್ನು ಮೆಲ್ಲನೆ ಗಟ್ಟಿಯಾಗಿ ಓದುತ್ತಿದ್ದೆ. ಹೊಳೆಯ ನೀರಿನ ಮಟ್ಟ, ಕಬ್ಬಿನ ಬಾಕಿ, ಪರಿಹಾರದ ಹಣ ಎಲ್ಲವನ್ನೂ ಗಂಗವ್ವ ಕೇಳಿಸಿಕೊಂಡಳು. ಅವಳು ಮೈ ಬಿಗಿಯದೆ ಕುಳಿತ ಮೇಲೆಯೇ ಕುರ್ಚಿ ಒಂದು ಫರಸಿ ಮುಂದಕ್ಕೆ. ಅವಳು ಮೂಲೆಗೆ ಸರಿದರೆ ಕುರ್ಚಿ ಹಿಂದಕ್ಕೆ. ತೀರ್ಮಾನ ಅವಳದೇ.

ಪತ್ರಿಕೆ ಮುಗಿದ ದಿನ ಬೇರೆ ಪುಸ್ತಕ ಓದುತ್ತಿದ್ದೆ. ಕನ್ನಡ ಮೇಷ್ಟ್ರಾದ ನನಗೆ ಗಿಳಿಯ ಮುಂದೆ ಕುಳಿತಾಗ ಬಾಣನ ಕಾದಂಬರಿ ನೆನಪಾಗದಿದ್ದೀತೇ? ಏಳನೆಯ ಶತಮಾನದ ಆ ಗದ್ಯಕಾವ್ಯವನ್ನು ನಾಗವರ್ಮ ಕನ್ನಡಕ್ಕೆ ಚಂಪುವಾಗಿ ತಂದಿದ್ದಾನೆ. ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ಬಂದ ವೈಶಂಪಾಯನನೆಂಬ ಗಿಳಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ವಿಂಧ್ಯದ ಕಾಡಿನ ದೊಡ್ಡ ಬೂರುಗದ ಮರದ ಪೊಟರೆಯಲ್ಲಿ ಮುದಿ ತಂದೆಯ ರೆಕ್ಕೆಯಡಿ ಬೆಳೆಯುತ್ತಿದ್ದ ಮರಿ ಅದು. ಮುದುಕ ಬೇಡನೊಬ್ಬ ಮರವೇರಿ ಗಿಳಿಗಳನ್ನು ಒಂದೊಂದಾಗಿ ಕೊಂದು ಕೆಳಗೆಸೆಯುತ್ತಾನೆ. ತಂದೆಯ ರೆಕ್ಕೆಯ ಮರೆಯಲ್ಲಿದ್ದ ಮರಿ ತರಗೆಲೆಯ ಮೇಲೆ ಬಿದ್ದು ಬದುಕುತ್ತದೆ. ಬಾಯಾರಿ ಸಾಯುತ್ತಿದ್ದ ಅದಕ್ಕೆ ಜಾಬಾಲಿ ಮುನಿಯ ಮಗ ಹಾರೀತ ನೀರು ಹನಿಸಿ ಆಶ್ರಮಕ್ಕೆ ಒಯ್ಯುತ್ತಾನೆ. ಮೂವತ್ತು ವರ್ಷ ಈ ಕಥೆಯನ್ನು ಹೇಳುವಾಗ ಶಾಪ, ಜನ್ಮಾಂತರ, ವರ್ಣನೆಗಳ ಕಡೆಗೇ ನನ್ನ ಗಮನ. ಮರವೇರುವ ಮುದುಕನನ್ನು ನಾನು ಸರಿಯಾಗಿ ನೋಡಿರಲಿಲ್ಲ. ಇಂದಿಗೂ ಚಳಿಗಾಲದ ಕೊನೆಗೆ, ಬೇಸಿಗೆಯ ಮೊದಲಿಗೆ ಗಿಳಿಗಳು ಪೊಟರೆಗಳಲ್ಲಿ ಮರಿ ಮಾಡಿದಾಗ ಅವನು ಮರವೇರುತ್ತಾನೆ. ಪುಕ್ಕ ಬಲಿಯದ ಮರಿಗಳನ್ನು ಚೀಲದಲ್ಲಿ ತುಂಬುತ್ತಾನೆ. ಸಂತೆಗೆ ಮುಟ್ಟುವ ಮೊದಲೇ ಸತ್ತವುಗಳನ್ನು ಯಾರೂ ಲೆಕ್ಕವಿಡುವುದಿಲ್ಲ. ಗಂಗವ್ವಳೂ ಅಂಥ ಒಂದು ಚೀಲದಿಂದಲೇ ಬಂದವಳಿರಬೇಕು.

ಮೊದಲ ಏಳು ವಾರದಲ್ಲಿ ನಾಲ್ಕು ಫರಸಿ ದಾಟಿದ್ದೆ. ಅಷ್ಟರಲ್ಲಿ ದೀಪಾವಳಿ ಬಂತು. ನಮ್ಮ ಬಾಗಿಲ ಮುಂದೆಯೇ ಹುಡುಗರು ಪಟಾಕಿ ಸರ ಹಚ್ಚಿದರು. ಕಿಟಕಿ ಮುಚ್ಚಿ ಪಂಜರಕ್ಕೆ ಹೊದಿಕೆ ಹಾಕಿದರೂ ಅವಳು ರಾತ್ರಿಯೆಲ್ಲ ಬಡಿದುಕೊಂಡಳು. ಬೆಳಿಗ್ಗೆ ನೋಡಿದರೆ ಕೊಕ್ಕಿನ ಬುಡದಲ್ಲಿ ರಕ್ತ. ಕುರ್ಚಿ ಮತ್ತೆ ಬಾಗಿಲಿಗೆ ಹೋಯಿತು. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ, ಹುಡುಗರ ಮೇಲಲ್ಲ, ಅವಳ ಮೇಲೆ. ಕಲಿಸಿದ ಪಾಠವನ್ನು ಮರೆತು ಬಂದ ವಿದ್ಯಾರ್ಥಿಯ ಮೇಲೆ ಬರುತ್ತಿದ್ದ ಅದೇ ಸಿಟ್ಟು. "ಅದು ಮರತಿಲ್ರಿ, ಅಂಜೇತಿ. ಎರಡೂ ಬ್ಯಾರೆ ಬ್ಯಾರೆ" ಎಂದಳು ಶ್ರೀಮತಿ. ಬಿ.ಇಡಿ. ತರಗತಿಯಲ್ಲಿ ಮನೋವಿಜ್ಞಾನದ ಪತ್ರಿಕೆಗೆ ಒಳ್ಳೆಯ ಅಂಕ ಪಡೆದವನು ನಾನು. ಆ ವಾಕ್ಯ ಯಾವ ಪುಸ್ತಕದಲ್ಲಿಯೂ ನನಗೆ ಅಷ್ಟು ಸ್ಪಷ್ಟವಾಗಿ ದೊರೆತಿರಲಿಲ್ಲ.

ಡಿಸೆಂಬರ್ ನಡುವಿನಲ್ಲಿ ಕುರ್ಚಿ ಏಳನೆಯ ಫರಸಿಗೆ ಬಂತು. ಅಷ್ಟರೊಳಗೆ ಅವಳ ಭಾಷೆ ನನಗೆ ಸ್ವಲ್ಪ ತಿಳಿದಿತ್ತು. ಒಂದು ಕಾಲನ್ನು ಹೊಟ್ಟೆಯ ಗರಿಗಳೊಳಗೆ ಎಳೆದುಕೊಂಡು ಒಂಟಿಕಾಲಿನ ಮೇಲೆ ನಿಂತರೆ ನೆಮ್ಮದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಮತ್ತೆ ಹಿಗ್ಗುತ್ತಿದ್ದರೆ ಉದ್ವೇಗ, ಆಗ ಕೈ ಚಾಚಬಾರದು. ಕೊಕ್ಕನ್ನು ಕರಕರ ಮಸೆಯುತ್ತ ಕಣ್ಣು ಮುಚ್ಚಿದರೆ ನಿದ್ದೆ ಬಂದಿದೆ ಎಂದರ್ಥ. ಹಳೆಯ ಮನೆಯಲ್ಲಿ ಚಹಾದಲ್ಲಿ ಅದ್ದಿದ ಬ್ರೆಡ್ಡು ರೂಢಿಯಾಗಿತ್ತಂತೆ. ಅದನ್ನು ಬಿಡಿಸಿ ನೆನೆಸಿದ ಕಡಲೆ, ಪೇರಲ, ಎಳೆಯ ಗೋವಿನಜೋಳ, ಹಸಿಮೆಣಸಿನಕಾಯಿ ಕೊಡುತ್ತಿದ್ದೆವು. ನಮ್ಮ ನಾಲಿಗೆಯನ್ನು ಸುಡುವ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ. ಮೆಣಸಿನಕಾಯಿಯನ್ನು ಒಂದು ಕಾಲಿನಲ್ಲಿ ಹಿಡಿದು ಅವಳು ತಿನ್ನುವ ಠೀವಿಯನ್ನು ನೋಡಲು ನೆರೆಮನೆಯ ಮಕ್ಕಳು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು.

ಸಂಕ್ರಾಂತಿಯ ಮರುದಿನ ಹೊಲದಿಂದ ಯಾರೋ ಸೀತನಿ ತಂದುಕೊಟ್ಟಿದ್ದರು. ನಾಲ್ಕು ಕಾಳು ಅಂಗೈಯಲ್ಲಿಟ್ಟುಕೊಂಡು, ಪಂಜರದ ಬಾಗಿಲು ತೆರೆದು, ಬೇರೆ ಕಡೆ ಮುಖ ಮಾಡಿ ಕುಳಿತಿದ್ದೆ. ತೋಳು ಸೋತು ಬರುವ ಹೊತ್ತಿಗೆ ಅಂಗೈ ಮೇಲೆ ಒಣಗಿದ, ಒರಟಾದ, ಆದರೆ ಬಹಳ ಮೃದುವಾದ ಒಂದು ಸ್ಪರ್ಶವಾಯಿತು. ಗಿಳಿಯ ನಾಲಿಗೆ. ಒಂದು ಕಾಳು ತೆಗೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ನಾಲ್ಕೂ ಮುಗಿದ ಮೇಲೆ ಕೊಕ್ಕನ್ನು ನನ್ನ ಹೆಬ್ಬೆರಳಿಗೆ, ತಾನು ಕಚ್ಚಿದ ಕಲೆಯ ಪಕ್ಕದಲ್ಲಿಯೇ ಊರಿ, ಮಣಿಕಟ್ಟಿನ ಮೇಲೆ ಹತ್ತಿ ಕುಳಿತಳು. ಆ ಐದು ತಿಂಗಳಲ್ಲಿ ನಾನು ಅವಳಿಗೆ ಕೊಟ್ಟದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು. ಕೈ ಹಾಕಲಿಲ್ಲ, ಹಿಡಿಯಲಿಲ್ಲ, ಅವಸರಪಡಿಸಲಿಲ್ಲ. ವಿಶ್ವಾಸ ಬಂದದ್ದು ಅದರಿಂದ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ದೇಶವೆಲ್ಲ ಮನೆಯೊಳಗೆ ಸೇರಿತು. ಪಂಜರದ ಬಾಗಿಲು ಆ ಹೊತ್ತಿಗೆ ಹಗಲೆಲ್ಲ ತೆರೆದೇ ಇರುತ್ತಿತ್ತು. ಗಂಗವ್ವ ನನ್ನ ಹೆಗಲ ಮೇಲೆ ಕುಳಿತು ಕನ್ನಡಕದ ಕಡ್ಡಿ ಕಚ್ಚುತ್ತಿದ್ದಳು. ಎದೆಯ ಬೋಳು ಜಾಗದಲ್ಲಿ ಹಸಿರು ಮೂಡಿತ್ತು. ಕತ್ತರಿಸಿದ ಗರಿ ತಾನಾಗಿ ಬೆಳೆಯುವುದಿಲ್ಲ. ಹಕ್ಕಿ ಗರಿ ಉದುರಿಸುವ ಕಾಲದಲ್ಲಿ ಆ ಮೋಟು ಬಿದ್ದು, ಅಲ್ಲಿ ಹೊಸದು ಹುಟ್ಟಬೇಕು. ಮೇ-ಜೂನ್ ತಿಂಗಳಲ್ಲಿ ಫರಸಿಯ ಮೇಲೆ ಒಂದೊಂದೇ ಮೋಟು ಗರಿ ಬೀಳತೊಡಗಿದವು. ಅವುಗಳ ಕತ್ತರಿಸಿದ ಅಂಚು ಕಣ್ಣಿಗೆ ಕಾಣುವಷ್ಟು ನೇರವಾಗಿತ್ತು. ಶ್ರೀಮತಿ ಅವನ್ನೆಲ್ಲ ಆಯ್ದು ಒಂದು ಡಬ್ಬಿಯಲ್ಲಿ ಹಾಕಿಟ್ಟಳು.

ಜುಲೈನಲ್ಲಿ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಯೋಗಕ್ಷೇಮ ವಿಚಾರಿಸಲು ಬಂದ. ಅರಣ್ಯ ಇಲಾಖೆಯಲ್ಲಿ ಕೆಲಸ. ನಾನು ಹೆಮ್ಮೆಯಿಂದ ಗಂಗವ್ವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ತೋರಿಸಿದೆ. ಅವನು ಚಹಾದ ಕಪ್ಪನ್ನು ಕೆಳಗಿಟ್ಟ. ಬಹಳ ಹೊತ್ತು ನೆಲ ನೋಡುತ್ತ ಕುಳಿತು, "ಸರ, ಹೆಂಗ ಹೇಳಬೇಕೋ ತಿಳೀವಲ್ದು. ಇದನ್ನ ಮನ್ಯಾಗ ಇಡಾಕ ಬರೂದಿಲ್ರಿ" ಎಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ದೇಶೀ ಹಕ್ಕಿಗಳ ವ್ಯಾಪಾರಕ್ಕೆ 1990-91ರಿಂದಲೇ ಪೂರ್ಣ ನಿಷೇಧವಿದೆ. ಗಾಯಗೊಂಡದ್ದು ಸಿಕ್ಕರೆ ಇಲಾಖೆಗೆ ಒಪ್ಪಿಸಬೇಕು. (2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್‌ನಿಂದ ನಮ್ಮ ಈ ಸಾಮಾನ್ಯ ಗಿಳಿ ಎರಡನೆಯ ಅನುಸೂಚಿಗೆ ಸೇರಿದೆ.) ನಮ್ಮ ಬೀಳಗಿ-ಮುಧೋಳ ತಾಲ್ಲೂಕುಗಳ ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ವನ್ಯಜೀವಿ ಎಂದರೆ ಅಲ್ಲಿ ಜಿಗಿಯುವ ಚಿಂಕಾರ ಎಂದುಕೊಂಡಿದ್ದೆ. ನನ್ನ ಹೆಗಲ ಮೇಲೆ ಕುಳಿತದ್ದೂ ವನ್ಯಜೀವಿಯೇ ಎಂದು ಹೊಳೆದಿರಲಿಲ್ಲ.

ನಾನು ವಾದ ಮಾಡಿದೆ. ನಾನು ಹಿಡಿದದ್ದಲ್ಲ, ಕೊಂಡದ್ದಲ್ಲ, ಹೊಳೆಯಿಂದ ಉಳಿಸಿದ್ದು. ಪಂಜರ ತೆರೆದೇ ಇದೆ, ಅವಳೇ ಹೋಗುವುದಿಲ್ಲ ಎಂದೆಲ್ಲ ಹೇಳಿದೆ. ಅವನು ತಲೆ ಎತ್ತದೆಯೇ ಹೇಳಿದ: "ಕಾಯ್ದೆ ಗೊತ್ತಿರಲಿಲ್ಲ ಅನ್ನೂದು ಕಾರಣ ಆಗೂದಿಲ್ಲ ಅಂತ ಪೌರನೀತಿ ಪಾಠದಾಗ ನೀವ ಹೇಳಿದ್ರಿ ಸರ. ಮತ್ತ, ಅದು ಹೋಗವಲ್ದು ಯಾಕಂದ್ರ ಹಾರೂದು ಮರತೈತ್ರಿ. ಇನ್ನೂ ಇಪ್ಪತ್ತು ವರ್ಷ ಬದುಕತೈತಿ. ನೀವ..." ಎಂದು ನಿಲ್ಲಿಸಿದ. ಅವನು ನುಂಗಿದ ಮಾತು ನನಗೆ ತಿಳಿಯಿತು. ಅರವತ್ಮೂರು ವರ್ಷದವನು ಇಪ್ಪತ್ತು ವರ್ಷದ ಭರವಸೆಯನ್ನು ಯಾರಿಗೆ ಕೊಡಬಲ್ಲ?

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ವಲಯ ಅರಣ್ಯಾಧಿಕಾರಿಗಳಿಗೆ ನಡೆದದ್ದನ್ನು ಇದ್ದದ್ದಿದ್ದಂತೆ ಬರೆದು ಅರ್ಜಿ ಕೊಟ್ಟೆ. ಅವರು ಬಂದು ನೋಡಿ, ನನ್ನ ಹೇಳಿಕೆ ಬರೆದುಕೊಂಡು, ತಿಳಿವಳಿಕೆ ಹೇಳಿದರು. ಒಂದೆರಡು ವಾರದಲ್ಲಿ ವ್ಯವಸ್ಥೆ ಮಾಡಿ ಒಯ್ಯುವುದಾಗಿಯೂ, ಅಷ್ಟರಲ್ಲಿ ಮನುಷ್ಯರ ಒಡನಾಟವನ್ನು ಆದಷ್ಟು ಕಡಿಮೆ ಮಾಡಬೇಕೆಂದೂ ಹೇಳಿದರು. ಮನುಷ್ಯನನ್ನು ನಂಬಿದ ಗಿಳಿ ಕಾಡಿನಲ್ಲಿ ಬಾಳುವುದಿಲ್ಲ. ಯಾರು ಕೈ ಚಾಚಿದರೂ ಬಂದು ಕೂಡುತ್ತದೆ, ಮುಂದಿನ ಕೈ ಮರವೇರುವ ಮುದುಕನದೇ ಆಗಿರಬಹುದು.

ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಬರುವಾಗ ಐದು ತಿಂಗಳು ಹಿಡಿದ ಏಳು ಫರಸಿಯನ್ನು ಹೋಗುವಾಗ ಹದಿನೈದು ದಿನದಲ್ಲಿ ದಾಟಬೇಕಾಯಿತು. ಓದುವುದನ್ನು ನಿಲ್ಲಿಸಿದೆ. ಮೊದಲ ದಿನಗಳಲ್ಲಿ ಅವಳು ನೆಲದ ಮೇಲೆ ನಡೆದು ಬಂದು ಧೋತರದ ಅಂಚು ಹಿಡಿದು ಹತ್ತಲು ನೋಡಿದಳು. ಎತ್ತಿಕೊಳ್ಳಲಿಲ್ಲ. ಕೊನೆಯ ಹೊತ್ತಿಗೆ ಅವಳು ಪಂಜರದ ಮೇಲೆ ಕುಳಿತು ಬಾಗಿಲಲ್ಲಿದ್ದ ನನ್ನನ್ನು ತಲೆ ಓರೆ ಮಾಡಿ ನೋಡುತ್ತಿದ್ದಳು, ಅಷ್ಟೆ. ಶ್ರೀಮತಿ ಪಡಸಾಲೆಗೆ ಬರುವುದನ್ನೇ ಬಿಟ್ಟಳು. 2020ರ ಆಗಸ್ಟ್‌ನಲ್ಲಿ, ಬಂದು ಒಂದು ವರ್ಷ ತುಂಬುವ ಹೊತ್ತಿಗೆ, ಗಂಗವ್ವಳನ್ನು ಇಲಾಖೆಯವರು ಒಯ್ದರು. ಬೇರೆ ಗಿಳಿಗಳಿದ್ದ ದೊಡ್ಡ ಜಾಲರಿಮನೆಯಲ್ಲಿ ಬಿಟ್ಟು, ಗುಂಪಿನೊಡನೆ ಹಾರುವುದನ್ನು ಕಲಿತ ಮೇಲೆ ಹೊರಗೆ ಬಿಡುವುದಾಗಿ ಹೇಳಿದರು. ನೋಡಲು ಬರಬಹುದೇ ಎಂದು ಕೇಳಿದೆ. "ಬ್ಯಾಡ್ರಿ ಸರ" ಎಂದ ನನ್ನ ವಿದ್ಯಾರ್ಥಿ. ಮೇಷ್ಟ್ರಿಗೆ ಇಲ್ಲವೆನ್ನುವ ಧೈರ್ಯ ಅವನಿಗೆ ಬಂದದ್ದು ನನಗೆ ಆ ದುಃಖದಲ್ಲಿಯೂ ಹಿತವೆನಿಸಿತು.

2021ರ ಫೆಬ್ರವರಿಯಲ್ಲಿ ಅವನ ಫೋನ್ ಬಂತು. ಗುಂಪಿನ ಜೊತೆಗೆ ಬಿಟ್ಟೆವು, ಹಾರಿಹೋದಳು ಎಂದ. ಎಲ್ಲಿ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಹಿಂಗಾರಿ ಜೋಳ ತೆನೆಯಾಗಿದ್ದ ಕಾಲ. ಒಂದು ಹಕ್ಕಿಗಾಗಿ ಐದು ತಿಂಗಳು ಕಾದವನು ಒಬ್ಬ ಹುಡುಗನಿಗಾಗಿ ಮೂವತ್ತಮೂರು ವರ್ಷ ಒಂದು ಫರಸಿಯನ್ನೂ ದಾಟಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೊಳೆಯಾಚೆಯ ಆ ಹಳ್ಳಿಗೆ ಹೋದೆ.

ಅವನೀಗ ಐವತ್ತರ ಹತ್ತಿರದ ಒಕ್ಕಲಿಗ. ಹೊಲದಲ್ಲಿಯೇ ಸಿಕ್ಕ. ಬದುವಿನ ಸುತ್ತ ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಎಳೆದು ಕಟ್ಟಿದ್ದ, ಅದು ಗಾಳಿಗೆ ಗುಂಯ್‌ಗುಟ್ಟುತ್ತಿತ್ತು. ಗುರುತು ಹಿಡಿದು ಓಡಿಬಂದು ಕಾಲು ಮುಟ್ಟಿದ. ಆಶೀರ್ವದಿಸಲೆಂದು ನಾನು ಕೈಯೆತ್ತಿದೆ. ಅವನ ಕಣ್ಣು ಗಕ್ಕನೆ ಮುಚ್ಚಿಕೊಂಡಿತು, ಹೆಗಲು ಮೇಲಕ್ಕೆ ಬಂತು. ಒಂದು ಕ್ಷಣ ಮಾತ್ರ. ಅವನಿಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ. ನನ್ನ ಕೈ ಗಾಳಿಯಲ್ಲಿಯೇ ನಿಂತಿತು. ಮೆಲ್ಲನೆ ಕೆಳಗಿಳಿಸಿ, ಬದುವಿನ ಮೇಲೆ ಅವನಿಗಿಂತ ಸ್ವಲ್ಪ ದೂರದಲ್ಲಿ ಕುಳಿತುಕೊಂಡೆ.

ಬಂದ ಕಾರಣ ಹೇಳಿದೆ. ಅಂದು ನೀನು ನಿಜವನ್ನೇ ಹೇಳಿದ್ದೆ, ನಾನು ಹೊಡೆದದ್ದು ತಪ್ಪು ಎಂದೆ. ಅವನು ಜೋಳದ ರವುದಿಯೊಂದನ್ನು ಸೀಳುತ್ತ ಕುಳಿತಿದ್ದ. "ನೀವ್ ಹೊಡದದ್ದು ಮರತೇನ್ರಿ ಸರ. ಆವಾಗ ಎಲ್ಲಾರೂ ಹೊಡೀತಿದ್ರು. ಅವರೆಲ್ಲಾ ನಕ್ಕದ್ದು, ನೀವ್ ಅವರನ್ನ ಸುಮ್ನಿರ್ರಿ ಅನ್ನದದ್ದು, ಅದ ಮರತಿಲ್ಲ" ಎಂದ. ಮೂವತ್ತಮೂರು ವರ್ಷ ನಾನು ಬೆತ್ತದ ಏಟನ್ನೇ ತಪ್ಪೆಂದು ಲೆಕ್ಕ ಹಾಕಿದ್ದೆ. ಮಾಡಿದ ತಪ್ಪು ಯಾವುದೆಂಬುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಏಳುವ ಹೊತ್ತಿಗೆ ಗಿಳಿಯ ಹಿಂಡೊಂದು ಕಿರುಚುತ್ತ ಬಂದು ಹೊಲದ ಆಚೆ ತುದಿಗೆ ಇಳಿಯಿತು. ಅವನು ಕವಣೆಗೆ ಕೈ ಹಾಕಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಅಷ್ಟರಲ್ಲಿ ಗಂಗವ್ವಳ ಕಥೆಯನ್ನು ಅವನಿಗೆ ಹೇಳಿದ್ದೆ. "ನಿಮ್ಮ ಗಿಣೀನೂ ಅದರಾಗ ಇದ್ದೀತ್ರಿ. ಇವತ್ತೊಂದ ದಿನ ತಿನ್ನಲಿ ಬಿಡ್ರಿ" ಎಂದು ನಕ್ಕ. ಹಿಂಡಿನಲ್ಲಿ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಎಲ್ಲವೂ ಒಂದೇ ಹಸಿರು, ಎಲ್ಲವಕ್ಕೂ ಪೂರ್ಣ ರೆಕ್ಕೆ.

ಅಲ್ಲಿಂದೀಚೆಗೆ ಅವನು ಪೇಟೆಗೆ ಬಂದಾಗ ಒಮ್ಮೊಮ್ಮೆ ಮನೆಗೆ ಬರುತ್ತಾನೆ. ಮೊದಲು ಬಾಗಿಲಲ್ಲಿಯೇ ನಿಂತು ಮಾತನಾಡಿ ಹೋಗುತ್ತಿದ್ದ. ಕಳೆದ ವರ್ಷದಿಂದ ಒಳಗೆ ಬಂದು ಕೂಡುತ್ತಾನೆ. ನಾನು ಅವಸರಪಡಿಸುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆಲ್ಲಿಯಾದರೂ ಬಿದ್ದ ಗಿಳಿಮರಿ ಸಿಕ್ಕರೆ ಸಮೀಪದ ಅರಣ್ಯ ಕಚೇರಿಗೆ ತಿಳಿಸಿರಿ. ಸಂತೆಯಲ್ಲಿ ಮಾರುವವರಿಂದ ಕನಿಕರಕ್ಕೂ ಕೊಳ್ಳಬೇಡಿರಿ. ನೀವು ಒಂದನ್ನು ಕೊಂಡರೆ ಅವನು ಮತ್ತೊಂದು ಮರವೇರುತ್ತಾನೆ. ಇನ್ನೊಂದು ಮಾತು. ನಾನು ಕೈಯೆತ್ತಿದಾಗ ಕಣ್ಣು ಮುಚ್ಚಿಕೊಳ್ಳುವವರು, ಯಾರೋ ನಕ್ಕದ್ದನ್ನು ಇನ್ನೂ ಮರೆಯದವರು ನಿಮ್ಮಲ್ಲಿ ಇನ್ನೂ ಇದ್ದಾರು. ವಿಳಾಸ ಹಳೆಯದೇ. ಬಂದು ಹೇಳಿರಿ, ಇಲ್ಲವೇ ಒಂದು ಮಾತು ತಿಳಿಸಿರಿ, ನಾನೇ ಬರುತ್ತೇನೆ. ಪಡಸಾಲೆಯ ಕೊಂಡಿ ಖಾಲಿಯಾಗಿದೆ. ಕುರ್ಚಿ ಬಾಗಿಲ ಬಳಿಯ ಮೊದಲ ಫರಸಿಯ ಮೇಲೆಯೇ ಇದೆ.